ಹೆಸರು ಕಾಯುವ ಕೆಲಸ

ಮನುಷ್ಯರಿಗೆ ಹೆಸರಿಡುವ ಚಪಲ ಇರುವ ತನಕ ನನ್ನಂಥವಳಿಗೆ ಕೆಲಸಕ್ಕೂ ಬರವಿಲ್ಲ, ಪೇಚಾಟಕ್ಕೂ ಬರವಿಲ್ಲ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಪೇಂಟ್ ಅಂಗಡಿಯ ಮೇಲೆ ನಮ್ಮ ಆಫೀಸು. ಆರು ಜನ ಇದ್ದೇವೆ. ಲಾರಿ ತೂಗುವ ವೇಬ್ರಿಡ್ಜ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮೆಕ್ಕೆಜೋಳದ ವ್ಯಾಪಾರಿಗಳು, ಹರಿಹರದ ಕಡೆಯ ಒಂದೆರಡು ಕಾರ್ಖಾನೆಯವರು ನಮ್ಮ ಗಿರಾಕಿಗಳು. ಎಲ್ಲರಿಗಿಂತ ದೊಡ್ಡ ಗಿರಾಕಿ ಗುತ್ತೂರಿನ ಹತ್ತಿರ ಅಕ್ಕಿ ಗಿರಣಿ ನಡೆಸುವ ಸಾಹುಕಾರರು. ಅವರು ಕೈಬಿಟ್ಟರೆ ನಮ್ಮ ಆಫೀಸಿಗೆ ಬೀಗ. ಈ ಮಾತನ್ನು ಆಫೀಸಿನ ಯಜಮಾನರು ಪ್ರತಿ ಸೋಮವಾರ ಊದುಬತ್ತಿ ಹಚ್ಚಿದ ಮೇಲೆ ನಮಗೆಲ್ಲ ನೆನಪಿಸುತ್ತಾರೆ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಬರೆದದ್ದನ್ನೆಲ್ಲ ಹಂತಹಂತವಾಗಿ ಕೂಡಿಡುವ ಒಂದು ವ್ಯವಸ್ಥೆ ಇದೆ. ಅದಕ್ಕೆ ವರ್ಷನ್ ಕಂಟ್ರೋಲ್ ಅನ್ನುತ್ತಾರೆ. ಇವತ್ತಿನದು ಕೆಟ್ಟರೆ ನಿನ್ನೆಯದಕ್ಕೆ ವಾಪಸ್ ಹೋಗಬಹುದು. ಪ್ರತಿ ಹಂತಕ್ಕೂ ಅದು ತಾನೇ ಒಂದು ಉದ್ದನೆಯ ಗುರುತು ಕೊಡುತ್ತದೆ, ಆದರೆ ಅದು ಯಾರ ಬಾಯಲ್ಲೂ ನಿಲ್ಲುವಂಥದ್ದಲ್ಲ. ಅದಕ್ಕೇ ಬೇಕಾದ ಹಂತಗಳ ಮೇಲೆ ನಾವು ಒಂದೊಂದು ಹೆಸರು ಅಂಟಿಸುತ್ತೇವೆ, ಉಪ್ಪಿನಕಾಯಿ ಜಾಡಿಗೆ ಚೀಟಿ ಅಂಟಿಸಿದ ಹಾಗೆ. ಹೆಸರಿರುವುದು ಉಳಿಯುತ್ತದೆ. ಹೆಸರು ಕಿತ್ತುಹಾಕಿದರೆ, ಸ್ವಲ್ಪ ದಿನ ನೋಡಿ, ಕಸ ಅಂತ ಆ ವ್ಯವಸ್ಥೆಯೇ ಗುಡಿಸಿ ಹಾಕುತ್ತದೆ. ಈ ಹೆಸರುಗಳನ್ನು ಕಾಯುವವಳು ನಾನು.

ತೊಟ್ಟಿಲ ಕಾರ್ಯ

ನಮ್ಮ ಅತ್ತೆ ಲೋಕಿಕೆರೆಯವರು. ಏನನ್ನೂ ಅರ್ಧಂಬರ್ಧ ತಿಳಿದುಕೊಳ್ಳುವ ಪೈಕಿ ಅಲ್ಲ. ಒಂದು ದಿನ ರೊಟ್ಟಿ ಬಡಿಯುತ್ತಾ ಕೇಳಿದರು, “ಅಲ್ಲವ್ವಾ, ದಿನಾ ಹೋಗ್ತೀಯ ಬರ್ತೀಯ. ಅಲ್ಲಿ ಮಾಡಾದೇನು?”

ಮೇಲೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಜಾಡಿಯ ಉದಾಹರಣೆ ಅವರಿಗೇ ಅಂತ ಹುಡುಕಿದ್ದು.

“ಅಂದ್ರ ಹೆಸರಿಡಾದು ನಿನ್ನ ಕೆಲ್ಸ.”

“ಹೌದು.”

“ಸಂಬಳ ಕೊಡ್ತಾರ?”

“ಕೊಡ್ತಾರೆ.”

ಅತ್ತೆ ರೊಟ್ಟಿ ತಿರುವಿ ಹಾಕಿದರು. ಮಾರನೆಯ ವಾರ ಪಕ್ಕದ ಮನೆಯ ಅಜ್ಜಿ ಕೈಯಲ್ಲಿ ಎಲೆ ಅಡಿಕೆ ಹಿಡಿದು ಬಂದರು. ಅವರ ಮೊಮ್ಮಗನಿಗೆ ಹೆಸರು ಬೇಕಂತೆ. ಅಯ್ಯನವರನ್ನು ಕೇಳಿ ಅಂದೆ. “ಅಯ್ನೋರು ವರ್ಷಕ್ಕೆ ಎಷ್ಟು ಹೆಸರು ಇಟ್ಟಾರು? ನೀನಾದ್ರೆ ದಿನಾ ಇಡ್ತೀಯಂತೆ, ಕೈ ಪಳಗಿರ್ತದೆ” ಅಂದರು. ತಪ್ಪಿಸಿಕೊಳ್ಳಲು ದಾರಿ ಕಾಣದೆ ಮೂರು ಹೆಸರು ಹೇಳಿ, ಇದರಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಳ್ಳಿ ಅಂದೆ.

ಮೂರನ್ನೂ ಇಟ್ಟರು. ಆ ಕೂಸು ಈಗ ಯಾವ ಹೆಸರಿಗೂ ತಿರುಗಿ ನೋಡುವುದಿಲ್ಲ.

ದೇವರ ಹೆಸರಿಟ್ಟರೆ ಹೆದರುತ್ತಾರೆ

ಮೊದಲು ನಮ್ಮ ಹುಡುಗರು ಇಡುತ್ತಿದ್ದ ಹೆಸರುಗಳು ಹೀಗಿರುತ್ತಿದ್ದವು: ‘ಹೊಸದು’, ‘ಇದಕ್ಕಿಂತ ಹೊಸದು’, ‘ಮುಟ್ಟಬೇಡಿ’, ‘ಊಟ ಆದ್ಮೇಲೆ ನೋಡ್ತೀನಿ’. ಕೊನೆಯದು ಒಮ್ಮೆ ಹರಿಹರದ ಒಂದು ಕಾರ್ಖಾನೆಗೆ ಹೋಗಿ ಕೂತಿತು. ಅರ್ಧ ಮುಗಿದ ಕೆಲಸ. ಖಾಲಿ ಲಾರಿ ತುಂಬಿದ ಲಾರಿಗಿಂತ ಭಾರ ತೂಗಿತು.

ಯಜಮಾನರು ಸಭೆ ಕರೆದರು. ಅವರದು ತಲೆತಲಾಂತರದ ವ್ಯಾಪಾರದ ಮನೆತನ, ಹಣೆಯ ವಿಭೂತಿ ಅಳಿಸದೆ ಮನೆಗೆ ಹೋಗುವವರು. “ನಿಮಗೆ ಯಾರದ್ದೂ ಹೆದ್ರಿಕೆ ಇಲ್ಲ. ಇನ್ಮ್ಯಾಲೆ ಪ್ರತಿ ಕೆಲಸಕ್ಕೂ ಒಂದೊಂದು ದೇವ್ರ ಹೆಸರು ಇಡ್ರಿ. ದೇವ್ರ ಹೆಸರಿನಾಗ ಯಾರು ಅಡ್ಡಾದಿಡ್ಡಿ ಬರೀತಾರ ನಾನೂ ನೋಡ್ತೀನಿ” ಅಂದರು.

ಅವತ್ತಿನಿಂದ ನಮ್ಮ ಸರ್ವರಿನಲ್ಲಿ ಮನೆದೇವರುಗಳು ಬಂದು ನೆಲೆಸಿದವು. ನನ್ನ ಎದುರು ಮೇಜಿನವನ ಮನೆಯವರು ಹೊಳೆದಂಡೆಯ ಉಕ್ಕಡಗಾತ್ರಿಯಲ್ಲಿ ಜನ ಅಜ್ಜಯ್ಯ ಅನ್ನುವ ಕರಿಬಸವೇಶ್ವರನಿಗೆ ನಡೆದುಕೊಳ್ಳುವವರು, ಹಾಗಾಗಿ ಅವನದು ‘ಶ್ರೀ ಅಜ್ಜಯ್ಯ’. ಕಿಟಕಿ ಪಕ್ಕದವಳದು ‘ಶ್ರೀ ಬನಶಂಕರಿ’. ನಿಜ ಹೇಳಬೇಕೆಂದರೆ ಕೆಲಸ ಸುಧಾರಿಸಿತು. ಚಪ್ಪಲಿ ಹೊರಗೆ ಬಿಟ್ಟು ಕೋಡ್ ಬರೆಯುವವರನ್ನು ಬೇರೆಲ್ಲೂ ನಾನು ಕಂಡಿಲ್ಲ.

ಹರಿಹರದವರ ಮಾತು

ಒಂದೇ ಸಾಲನ್ನು ಇಬ್ಬರು ಬೇರೆಬೇರೆ ರೀತಿ ತಿದ್ದಿದರೆ ವ್ಯವಸ್ಥೆ ಕೈಚೆಲ್ಲುತ್ತದೆ. ಎರಡನ್ನು ಕೂಡಿಸಲು ನನ್ನಿಂದಾಗದು, ನೀವೇ ತೀರ್ಮಾನ ಮಾಡಿ ಅನ್ನುತ್ತದೆ.

ಗುತ್ತೂರಿನ ಗಿರಣಿಯ ಗೇಟಿನಲ್ಲಿ ತೂಕ ತೋರಿಸುವ ಒಂದು ದೊಡ್ಡ ಬೋರ್ಡು ಇದೆ, ಕೆಂಪು ದೀಪದ ಅಕ್ಷರಗಳು ಓಡುವಂಥದ್ದು. ಲಾರಿ ಹತ್ತಿದಾಗ ಸಾಫ್ಟ್‌ವೇರ್ ತಾನು ಯಾವ ಹೆಸರಿನಿಂದ ಹೊರಬಂದಿದೆಯೋ ಆ ಹೆಸರನ್ನೂ ಅಲ್ಲಿ ತೋರಿಸಬೇಕು ಅಂತ ಯಜಮಾನರ ಆಸೆ. ಎದುರು ಮೇಜಿನವನು ಹೆಸರು ಮೊದಲು, ತೂಕ ಆಮೇಲೆ ಅಂತ ಬರೆದ. ಕಿಟಕಿ ಪಕ್ಕದವಳು ತೂಕ ಮೊದಲು ಅಂತ ಬರೆದಳು. ಅಜ್ಜಯ್ಯನೂ ಬನಶಂಕರಿಯೂ ಒಂದೇ ಸಾಲಿನಲ್ಲಿ ಎದುರುಬದುರು ನಿಂತರು.

“ನಿನ್ನ ಸಾಲು ತೆಗಿ” ಅಂದ ಅವನು.

“ನಮ್ಮ ತಾಯಿ ಸಾಲು ನಾನ್ಯಾಕ ತೆಗೀಲಿ? ನಿಮ್ಮ ಅಜ್ಜಯ್ಯನ್ದೇ ತೆಗಿ.”

“ತೆಗೆದ್ರೆ ನಮ್ಮವ್ವ ಮನೆ ಒಳಗ ಸೇರ್ಸಾಕಿಲ್ಲ.”

ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಬೋರ್ಡಿನ ಕೆಲಸ ಎಲ್ಲಿಗೆ ಬಂತು ಅಂತ ವಿಚಾರಿಸಲು ಬಂದಿದ್ದ ಗುತ್ತೂರಿನ ಸಾಹುಕಾರರು ಮೂಲೆಯಲ್ಲಿ ಕೂತು ನಾವು ತರಿಸಿದ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹರಿಹರದ ಪೇಟೆಯಲ್ಲಿ ಹುಟ್ಟಿ ಬೆಳೆದವರು. ಕೊನೆಯ ಮಿರ್ಚಿ ಮುಗಿಸಿ ಕೈ ಒರೆಸಿಕೊಂಡರು.

“ನಮ್ಮೂರಾಗ ಹರಿನೂ ಹರನೂ ಕೂಡ್ಸಿ ಒಂದೇ ಕಲ್ಲಿನಾಗ ನಿಲ್ಸ್ಯಾರ. ಅದೂ ಕರೆಂಟ್ ಇಲ್ದ ಕಾಲ್ದಾಗ. ನಿಮಗ ಏಸಿ ಹಾಕ್ಕೊಂಡು ಒಂದು ಸಾಲು ಕೂಡ್ಸಾಕ ಬರಾಕಿಲ್ಲೇನ್ರಿ?”

ಹತ್ತು ನಿಮಿಷದಲ್ಲಿ ಕೂಡಿಸಿದೆವು. ಹೆಸರು ಮೊದಲು, ತೂಕ ಆಮೇಲೆ. ಬನಶಂಕರಿಯ ಉಳಿದ ಕೆಲಸವೆಲ್ಲ ಅಜ್ಜಯ್ಯನೊಳಗೆ ಸೇರಿ, ಗುತ್ತೂರಿನ ಬೋರ್ಡಿನ ಮೇಲೆ ‘ಶ್ರೀ ಅಜ್ಜಯ್ಯ’ ಓಡತೊಡಗಿತು. ಲಾರಿ ಡ್ರೈವರುಗಳು ಬೋರ್ಡು ನೋಡಿ ಕೈ ಮುಗಿದು, ಆಮೇಲೆ ತೂಕ ನೋಡುವುದು ರೂಢಿಯಾಯಿತು. ಕೈ ಮುಗಿದ ಮೇಲೆ ತೂಕದ ಬಗ್ಗೆ ತಕರಾರು ಎತ್ತುವುದು ಕಷ್ಟ. ಸಾಹುಕಾರರು ಖುಷಿಯಾಗಿ ನಮಗೆ ಒಂದು ಚೀಲ ಅಕ್ಕಿ ಕಳಿಸಿದರು. ಅದನ್ನು ಆಫೀಸಿನಲ್ಲೇ ತೂಗಿ ನೋಡಿದವರು ಯಜಮಾನರು.

ವಿಸರ್ಜನೆ

ದೇವರ ಹೆಸರಿನ ತೊಂದರೆ ಆಮೇಲೆ ಗೊತ್ತಾಯಿತು. ಇಡುವವರು ಇದ್ದರು, ತೆಗೆಯುವವರು ಇರಲಿಲ್ಲ. ಕೆಲಸ ಮುಗಿದರೂ ಹೆಸರು ಹಾಗೇ ಉಳಿಯುತ್ತಿತ್ತು. ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ ತಿಳಿಯದೆ ಹುಡುಗರು ಹಳೆಯ ದೇವರ ಮೇಲೆ ಹೊಸ ಕೆಲಸ ಶುರು ಮಾಡುತ್ತಿದ್ದರು. ಬೇಡದ್ದನ್ನೆಲ್ಲ ಅಳಿಸೋಣ ಅಂದೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ಯಜಮಾನರ ಮುಖ ನೋಡಿದೆ.

“ನಾನು ಅಳ್ಸಾಕಿಲ್ಲಮ್ಮಾ. ಮಕ್ಕಳು ಮರಿ ಇರೋನು” ಅಂದರು.

“ನನಗೂ ಅದಾವೆ ಸರ್.”

ಕಿಟಕಿ ಪಕ್ಕದವಳೇ ದಾರಿ ಹುಡುಕಿದಳು. “ಅಳ್ಸಾದು ಯಾಕ? ಗಣಪ್ಪನ್ನ ನಾವೇನು ಅಳಿಸ್ತೀವಾ? ವಿಸರ್ಜನೆ ಮಾಡ್ತೀವಿ. ಇದನ್ನೂ ಹಂಗೇ ಮಾಡಾನ.”

ಎಲ್ಲರಿಗೂ ಸಮಾಧಾನವಾಯಿತು. ಶನಿವಾರ ಸಂಜೆ ಮಾನಿಟರಿಗೆ ಅರಿಶಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಯಜಮಾನರು ಆರತಿ ಎತ್ತಿದರು. ಒಂದೊಂದೇ ಹೆಸರು ನಾನು ಅಳಿಸುತ್ತಾ ಹೋದೆ. ಪ್ರತಿ ಸಲ ಯಜಮಾನರು ಕಣ್ಣು ಮುಚ್ಚಿ “ಪುನರಾಗಮನಾಯ ಚ” ಅಂದರು, ಅಂದರೆ ಮತ್ತೆ ಬಾರಪ್ಪಾ ಅಂತ. ಗುತ್ತೂರಿಗೆ ಹೋಗಿರುವ ಅಜ್ಜಯ್ಯ ಇರಲಿ ಅಂತ ನಾನೆಂದರೂ, ಅಲ್ಲಿಗೆ ಹೊಸ ವರ್ಷನ್ ಸಿದ್ಧವಾಗುತ್ತಿದೆ, ಒಬ್ಬರನ್ನು ಉಳಿಸಿ ಉಳಿದವರನ್ನು ಕಳಿಸಿದರೆ ಭೇದ ಮಾಡಿದಂತಾಗುತ್ತದೆ ಅಂತ ಅವನನ್ನೂ ಬೀಳ್ಕೊಟ್ಟರು. ಪ್ರಸಾದ ಹಂಚಿ ಮನೆಗೆ ಹೋದೆವು.

ನಮ್ಮ ವ್ಯವಸ್ಥೆಯಲ್ಲಿ ಸರ್ವರಿನಲ್ಲಿ ಇರುವುದೆಲ್ಲದರದ್ದೂ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಒಂದೊಂದು ಪ್ರತಿ ಇರುತ್ತದೆ. ಸೋಮವಾರ ಬೆಳಿಗ್ಗೆ ಕಿಟಕಿ ಪಕ್ಕದವಳು ಬಂದವಳೇ ತನ್ನಲ್ಲಿ ಇದ್ದದ್ದನ್ನೆಲ್ಲ ಒಟ್ಟಿಗೆ ಸರ್ವರಿಗೆ ಕಳಿಸಿದಳು. ಯಜಮಾನರು ಊದುಬತ್ತಿ ಹಿಡಿದು ಬಂದು ನನ್ನ ಪರದೆ ನೋಡಿದರು. ಅಷ್ಟೂ ದೇವರುಗಳು ತಿರುಗಿ ಬಂದು ಕೂತಿದ್ದವು.

“ನಾನು ಬಾ ಅಂತ ಕರೆದದ್ದೇನೋ ನಿಜ. ಆದ್ರೆ ಮುಂದಿನ ವರ್ಷ ಬರಾಕ ಹೇಳಿದ್ದು” ಅಂದರು.

ಒಳಮನೆ

ಎರಡನೆಯ ವಿಸರ್ಜನೆಯನ್ನು ಆರತಿ ಇಲ್ಲದೆ ನಾನೇ ಮಾಡಿದೆ. ಎಲ್ಲರ ಕಂಪ್ಯೂಟರಿನಲ್ಲೂ ಕೂತು ಒಂದೂ ಬಿಡದ ಹಾಗೆ ತೆಗೆದೆ. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿದ್ದೆ. ಈ ವ್ಯವಸ್ಥೆಗೆ ಒಂದು ಒಳಮನೆ ಇದೆ. ಅಲ್ಲಿ ಇಟ್ಟ ಹೆಸರು ಹೊರಗಿನ ಪಟ್ಟಿಯಲ್ಲಿ ಯಾರಿಗೂ ಕಾಣುವುದಿಲ್ಲ. ಕಾಣದಿದ್ದರೂ ಹೆಸರು ಹೆಸರೇ, ಅದರ ಕೆಳಗಿರುವುದನ್ನು ಯಾವ ಪೊರಕೆಯೂ ಗುಡಿಸುವುದಿಲ್ಲ. ಗಿರಾಕಿಗಳ ಹತ್ತಿರ ಓಡುತ್ತಿದ್ದ ಪ್ರತಿಯೊಂದು ವರ್ಷನ್ನಿಗೂ ಅಲ್ಲಿ ಒಂದೊಂದು ಹೆಸರು ಇಟ್ಟೆ. ಯಾರೂ ನೋಡದ ಜಾಗ, ಹಾಗಾಗಿ ನನಗೆ ನೆನಪು ಉಳಿಯುವಂಥ ಹೆಸರುಗಳನ್ನೇ ಇಟ್ಟೆ.

ಯಜಮಾನರಿಗೆ ವಿಷಯ ತಿಳಿಸಿದೆ. “ತೋರ್ಸು ನೋಡಾನ” ಅಂದರು.

“ಎಲ್ಲರಿಗೂ ತೋರಿಸಿದ್ರೆ ಅದು ಒಳಮನೆ ಹೆಂಗಾಗುತ್ತೆ ಸರ್? ಸೇಫಾಗಿ ಐತೆ ಬಿಡಿ.”

ಯಜಮಾನರು ನಿಟ್ಟುಸಿರು ಬಿಟ್ಟರು. “ನಮ್ಮಪ್ಪನೂ ಬಂಗಾರ ಸೇಫಾಗಿ ಐತೆ ಅಂತಿದ್ದ. ಎಲ್ಲಿ ಅಂತ ಹೇಳ್ದೇ ಹೋದ. ನಾವು ಅಣ್ಣತಮ್ಮಂದ್ರು ಇನ್ನೂ ಗ್ವಾಡಿ ಕುಟ್ಟಿ ನೋಡ್ತಾ ಇದೀವಿ.”

ಬೋರ್ಡಿನ ಮೇಲೆ

ಭತ್ತದ ಸುಗ್ಗಿ ಶುರುವಾಗುವ ಹೊತ್ತಿಗೆ ಗುತ್ತೂರಿಗೆ ಹೊಸ ವರ್ಷನ್ ಹಾಕಿ ಬಂದೆವು. ಸುಗ್ಗಿ ಬಿಸಿಯೇರಿದ ದಿನ ಸಾಹುಕಾರರ ಫೋನು ಬಂತು. ಮೊದಲ ಲಾರಿಯ ತೂಕ ಬೋರ್ಡಿನಲ್ಲಿ ಅಂಟಿಕೊಂಡು ಕೂತಿತ್ತು. ಹಿಂದಿನಿಂದ ಬಂದ ಲಾರಿ, ಟ್ರ್ಯಾಕ್ಟರು, ಕೊನೆಗೆ ಟೀ ತರುವವನ ಲೂನಾ ಹತ್ತಿದರೂ ಅದೇ ತೂಕ.

“ಲಾರಿ ಸಾಲು ಮೇನ್ ರೋಡಿಗೆ ಹತ್ತೈತೆ. ಒಂದು ತಾಸಿನಾಗ ಸರಿ ಮಾಡ್ಲಿಲ್ಲ ಅಂದ್ರ ನಿಮ್ಮ ಡಬ್ಬಿ ತಗೊಂಡು ಹೊಳಿಗೆ ಎಸೀತೀನಿ. ನಾಳೆಯಿಂದ ಬ್ಯಾರೆಯವ್ರು ಬರ್ತಾರ” ಅಂದು ಇಟ್ಟರು.

ತಪ್ಪು ಎಲ್ಲಿದೆ ಅಂತ ಹುಡುಕಲು ಒಂದು ತಾಸು ಸಾಲದು. ಹಳೆಯದಕ್ಕೆ ವಾಪಸ್ ಹೋಗುವುದೊಂದೇ ದಾರಿ. ಹಳೆಯದು ಅಂದರೆ ಅಜ್ಜಯ್ಯ.

“ಅಜ್ಜಯ್ಯನ್ನ ನಾವೇ ಮುಳುಗಿಸಿಬಿಟ್ವಲ್ಲ” ಅಂದ ಎದುರು ಮೇಜಿನವನು. ಹೋದ ತಿಂಗಳಷ್ಟೇ ಅವನು ಮನೆ ಕಟ್ಟಲು ಪಾಯ ತೆಗೆಸಿದ್ದ. ಕಿಟಕಿ ಪಕ್ಕದವಳು ಅಳುವುದಕ್ಕೇ ಶುರು ಮಾಡಿದಳು. ಯಜಮಾನರು ಎದ್ದು ಹೊಳೆಯ ದಿಕ್ಕಿಗೆ ತಿರುಗಿ ಕೈ ಮುಗಿದರು. “ಅಜ್ಜಯ್ಯಾ, ಇದೊಂದು ಸಲ ಪಾರು ಮಾಡು. ಉಕ್ಕಡಗಾತ್ರಿಗೆ ನಡ್ಕೊಂಡು ಬರ್ತೀನಿ.”

“ಇಲ್ಲಿಂದನೋ ಹರಿಹರದಿಂದನೋ ಸರ್?” ಅಂತ ಯಾರೋ ಕೇಳಿದರು.

“ಮೊದ್ಲು ಪಾರಾಗ್ಲಿ. ಆಮ್ಯಾಲೆ ನೋಡಾನ.”

ನನಗೂ ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಇವರೆಲ್ಲರ ಜೊತೆ ಉಂಡಿದ್ದೇನೆ, ಜಗಳ ಆಡಿದ್ದೇನೆ. ಒಳಮನೆ ತೆರೆದೆ. ಇಟ್ಟದ್ದು ಇಟ್ಟಲ್ಲೇ ಇತ್ತು, ಒಂದು ಅಕ್ಷರವೂ ಕಳೆದಿರಲಿಲ್ಲ. ಅದನ್ನೇ ಹೊರತೆಗೆದು ಗುತ್ತೂರಿಗೆ ಕಳಿಸಿದೆ. ತಾಸು ತುಂಬುವುದಕ್ಕೆ ಇನ್ನೂ ಹೊತ್ತಿತ್ತು. ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತು, “ಹರಿಹರದಿಂದನೇ ಸಾಕು” ಅಂದರು.

ಸ್ವಲ್ಪ ಹೊತ್ತಿಗೆ ಸಾಹುಕಾರರ ಫೋನು ಮತ್ತೆ ಬಂತು. ಯಜಮಾನರು ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

“ತೂಕ ಸರಿ ಐತೆ. ಸಾಲು ಕರಗ್ತಾ ಐತೆ. ಆದ್ರ ಬೋರ್ಡ್ ಮ್ಯಾಲೆ ಹೆಸರು ಬ್ಯಾರೆ ಬರ್ತೈತೆ” ಅಂದರು.

ಆಗ ನನಗೆ ಹೊಳೆಯಿತು. ಸಾಫ್ಟ್‌ವೇರ್ ತಾನು ಯಾವ ಹೆಸರಿನಿಂದ ಹೊರಬರುತ್ತದೋ ಅದನ್ನೇ ಬೋರ್ಡಿಗೆ ಕಳಿಸುತ್ತದೆ. ಅಜ್ಜಯ್ಯನ ಹೆಸರು ಹೋಗಿತ್ತು. ಉಳಿದದ್ದು ಒಳಮನೆಯಲ್ಲಿ ನಾನಿಟ್ಟ ಹೆಸರು. ದಿನ ಬೆಳಗಾದರೆ ಫೋನ್ ಮಾಡಿ ಬಿಸಿಲಿಗೆ, ಕರೆಂಟಿಗೆ, ಅಕ್ಕಿ ನುಚ್ಚಾದದ್ದಕ್ಕೆ, ಎಲ್ಲಕ್ಕೂ ನನ್ನ ಹತ್ತಿರ ಗೊಣಗುತ್ತಿದ್ದ ಸಾಹುಕಾರರಿಗೆ ನಾನಿಟ್ಟ ಹೆಸರು.

“ಏನಂತ ಬರ್ತೈತೆ ಸಾಹುಕಾರ್ರೇ?” ಅಂತ ಯಜಮಾನರು ಕೇಳಿದರು.

“ಗೊಣಗಪ್ಪ ಅಂತ.”

ಪೇಂಟ್ ಅಂಗಡಿಯಲ್ಲಿ ಡಬ್ಬ ಅಲುಗಾಡಿಸುವ ಸದ್ದು ಮೇಲಿನವರೆಗೂ ಕೇಳುತ್ತಿತ್ತು. ಯಜಮಾನರು ನನ್ನನ್ನು ನೋಡಿದರು.

“ಆ ಹೆಸರು ಇಟ್ಟದ್ದು ನಾನೇ ಸಾಹುಕಾರ್ರೇ. ತಪ್ಪಾಯ್ತು, ಈಗಿಂದೀಗ್ಲೇ ಬದಲಾಯಿಸ್ತೀನಿ” ಅಂದೆ.

“ಇರ್ರಿ ಮೇಡಂ. ಆ ಹೆಸರು ನಮ್ಮ ಮನೆಯಾಗ ಬಿಟ್ರ ಹೊರಗ ಯಾರಿಗೂ ಗೊತ್ತಿಲ್ಲ ಅನ್ಕಂಡಿದ್ದೆ. ನಮ್ಮ ಮನೆಯಾಕಿ ನಿಮಗೂ ಫೋನ್ ಮಾಡ್ತಾಳೇನು?”

“ಇಲ್ಲ ಸಾಹುಕಾರ್ರೇ, ನಾನೇ ಇಟ್ಟದ್ದು. ಎರಡೇ ನಿಮಿಷ, ತೆಗೆದುಬಿಡ್ತೀನಿ.”

“ತೆಗೀಬ್ಯಾಡ್ರಿ ಅಂತೀನಿ. ಇಷ್ಟು ವರ್ಷ ಈ ಗೇಟಿನಾಗ ಕುರ್ಚಿ ಹಾಕ್ಕೊಂಡು ಕೂತೀನಿ, ಒಬ್ಬ ಡ್ರೈವರ್ ನನಗ ನಮಸ್ಕಾರ ಅಂದೋನಲ್ಲ. ಇವತ್ತು ಬೆಳಗಿನಿಂದ ಬೈಕೋಂತ ನಿಂತೋರು ಒಬ್ಬೊಬ್ರೇ ಲಾರಿ ಹತ್ತಿಸಿ, ಬೋರ್ಡ್ ನೋಡಿ, ಕೈ ಮುಗ್ದು ಮುಂದ ಹೋಗ್ತಾ ಅದಾರ. ಸುಗ್ಗಿ ಮುಗಿಯೋ ತನಕ ಗೊಣಗಪ್ಪ ಹಂಗೇ ಇರ್ಲಿ. ಸಾಧ್ಯ ಆದ್ರ ಮುಂದೊಂದು ‘ಶ್ರೀ’ ಹಾಕ್ರಿ.”