ಬೂಷ್ಟಿನ ಮದುವೆಗೆ ಎರಡು ಮಾರ್ಕು

ರುದ್ರಸ್ವಾಮಿ: ಬೋರ್ಡಿನ ಮ್ಯಾಲ ಬರ್ದಿರ ಆ ಮದ್ವಯ ಮೊದ್ಲು ಅಳ್ಸವ್ವ. ಆಮ್ಯಾಕ ಮಾತು.

ರೇವತಿ: ನಾನು ಹುಟ್ಟಿಸಿದ್ದಲ್ಲ ಸಾರ್, ಪುಸ್ತಕದಲ್ಲಿ ಇರೋದು. ಸಿಂಗಮಿ ಅಂದ್ರೆ ಎರಡು ಜೀವಕೋಶ ಬೆರೆತು ಒಂದಾಗೋದು. ಗ್ರೀಕ್ ಮಾತು. ‘ಸಿನ್’ ಅಂದ್ರೆ ಜೊತೆ, ‘ಗಾಮೋಸ್’ ಅಂದ್ರೆ ಮದುವೆ.

ಅದು ತಮಿಳುನಾಡಿನ ಗಡಿಯ ತಾಳವಾಡಿಯ ಸರ್ಕಾರಿ ಶಾಲೆಯೊಂದರ ಪ್ರಯೋಗಶಾಲೆ, 2007ನೇ ಇಸವಿ. ಸರ್ಕಾರ ಪ್ಲಸ್ ಟೂ, ಅಂದರೆ ಹನ್ನೆರಡನೇ ತರಗತಿಯ, ಜೀವಶಾಸ್ತ್ರಕ್ಕೆ ಯಾರನ್ನೂ ಕಳಿಸದ ಕಾರಣ ಪೋಷಕರ ಸಂಘವೇ ರೇವತಿಯನ್ನು ನೇಮಿಸಿಕೊಂಡಿತ್ತು. ಸಂಘ ಬೇಡವೆಂದರೆ ನಾಳೆಯಿಂದ ಅವಳಿಗೆ ಕೆಲಸವಿಲ್ಲ. ಸಂಘದ ಅಧ್ಯಕ್ಷ ದೊಡ್ಡಗಾಜನೂರಿನ ಜಮೀನುದಾರ ರುದ್ರಸ್ವಾಮಿ. ಅವನ ಹೊಲದಲ್ಲೇ ರೇವತಿಯ ತಂದೆ ಪುಟ್ಟಮಾದ ಕೂಲಿ. ತಂದೆ ‘ಬುದ್ಧಿ’ ಎನ್ನುವವನನ್ನು ಮಗಳು ‘ಸಾರ್’ ಎನ್ನುವುದು ರುದ್ರಸ್ವಾಮಿಯ ಕಿವಿಗೆ ಇನ್ನೂ ಒಗ್ಗಿರಲಿಲ್ಲ. ಜೊತೆಗೆ ಬಂದಿದ್ದ ಹೆಂಡತಿ ಶಿವನಂಜಮ್ಮ ಸ್ಟೂಲಿನ ಮೇಲೆ ಕುಳಿತಿದ್ದಳು.

ರುದ್ರಸ್ವಾಮಿ: ನಾಕ್ ಜನ ಮನು ಬರ್ಕೊಟ್ಟವ್ರ, ದೂರಿನ ಅರ್ಜಿ. ಎಣ್ಮಕ್ಕಳ ಮುಂದ ಮದ್ವ ಮಾತಾಡ್ತೀಯಂತ. ಅದೂ ಬೂಷ್ಟಿನ ಮದ್ವ!

ರೇವತಿ: ಬೂಷ್ಟಿನಲ್ಲೂ ನಡೀತದೆ ಸಾರ್. ಸ್ಲೈಡ್ ಹಾಕಿದ್ದೀನಿ, ನೀವೇ ನೋಡಿ.

ರುದ್ರಸ್ವಾಮಿ ಸೂಕ್ಷ್ಮದರ್ಶಕದ ಮೇಲೆ ಬಗ್ಗಿದ.

ಶಿವನಂಜಮ್ಮ: ಒಂದ್ ಕಣ್ಣಾರ ಬುಡಿ. ಎಲ್ಡೂ ಮುಚ್ಕಂಡ್ರ ಏನ್ ಕಂಡದು?

ರುದ್ರಸ್ವಾಮಿ: ಎಲ್ಡು ದಾರ ಅವ. ನಡುವ ಒಂದು ಕರೀ ಗಂಟು. (ದನಿ ತಗ್ಗಿಸಿ) ಯಾವ ಕುಲ ಇವು?

ರೇವತಿ: ಎರಡೂ ಒಂದೇ ಕುಲ ಅಂತಿಟ್ಕೊಳ್ಳಿ. ಆದ್ರೆ ಒಳಗೆ ಎರಡು ಬಗೆ. ಒಂದಕ್ಕೆ ಪ್ಲಸ್ ಅಂತಾರೆ, ಇನ್ನೊಂದಕ್ಕೆ ಮೈನಸ್. ಒಂದು ಬಗೆಯದು ಅದೇ ಬಗೆಯದನ್ನ ಕೂಡೋದಿಲ್ಲ.

ರುದ್ರಸ್ವಾಮಿ ನೆಟ್ಟಗೆ ನಿಂತ. ಮುಖ ಅರಳಿತು.

ರುದ್ರಸ್ವಾಮಿ: ಕುಲ ಒಂದೇ, ಗೋತ್ರ ಬ್ಯಾರ! ಕೇಳುಸ್ತಾ ನಂಜಿ? ಇವು ನಮ್ಮೋರು ಕಣ!

ಶಿವನಂಜಮ್ಮ: ಅಂಗಾರ ಮನಗ ಕರ್ಕೋಗಿ ಲಿಂಗ ಕಟ್ಟುಸಿ.

ರುದ್ರಸ್ವಾಮಿ: ನೀ ಸುಮ್ಕಿರು. ಇದ್ರಲ್ಲಿ ಗಂಡಿನ ಕಡೇವ್ರು ಯಾರವ್ವ?

ರೇವತಿ: ಯಾರೂ ಇಲ್ಲ. ನೋಡೋಕೆ ಎರಡೂ ಒಂದೇ ತರ.

ರುದ್ರಸ್ವಾಮಿ: ಗಂಡಿನ ಕಡೇವ್ರಿಲ್ದ ಮದ್ವ ಆದದಾ? ಪ್ಲಸ್ಸೇ ಗಂಡು.

ರೇವತಿ: ಅಲ್ಲ ಸಾರ್.

ರುದ್ರಸ್ವಾಮಿ: ಮತ್ತ ಮೈನಸ್ಸು ಗಂಡಾ?

ಶಿವನಂಜಮ್ಮ: ಕೆಲವು ಮನೇಲಿ ಅಂಗೂ ಅದ.

ರುದ್ರಸ್ವಾಮಿ: ಸರಿ ಬುಡು. ಯಾರ್ ಮನಗ ಯಾರ್ ಓದ್ರು? ಅದನ್ನಾರ ಯೋಳು.

ರೇವತಿ: ಯಾರ ಮನೆಗೂ ಯಾರೂ ಹೋಗಲ್ಲ. ಎರಡೂ ಬೆಳೆದು ಬಂದು ನಡುವೆ ಸೇರ್ತವೆ. ನಡುವಿನ ಗೋಡೆ ಕರಗಿಹೋಗ್ತದೆ.

ರುದ್ರಸ್ವಾಮಿ: ಗಂಡಿನ ಕಡೇವ್ರು ಎದ್ದು ಅರ್ಧ ದಾರಿಗ ಬರದಾ? ನಮ್ ಮಗ ವೃಷಭೇಂದ್ರನ ಮದ್ವೇಲಿ ನಾ ಕುಂತ ಕುರ್ಚಿ ಬುಟ್ಟು ಅಲ್ಲಾಡ್ನಿಲ್ಲ! ಮಾನ ಮರ್ಯಾದಿ ಇಲ್ದ ಬೂಷ್ಟು!

ಶಿವನಂಜಮ್ಮ: ಅತ್ತ ಮನ ಅಂತ ಇಲ್ವಾ ಟೀಚರಮ್ಮ, ಇವುಕ್ಕ?

ರೇವತಿ: ಇಲ್ಲ ಅಮ್ಮ.

ಶಿವನಂಜಮ್ಮ: ಪುಣ್ಯ ಮಾಡ್ಬುಟ್ಟವ.

ರುದ್ರಸ್ವಾಮಿ: ನೋಡ್ದಾ, ನೋಡ್ದಾ! ನಲವತ್ತೆಂಟರ ಎಂಗ್ಸೇ ಇಂಗಂದ್ರ ಉಡ್ಗೀರು ಏನಂದಾರು? ರೇವತಿ, ಕೊನೇ ಮಾತು. ಮದ್ವ ಅನ್ನಂಗಿಲ್ಲ. ಒಪ್ಪಂದ ಅಂತ ಬರ್ಸು. ಆಗಲ್ಲ ಅಂದ್ರ ನಾಳಿಂದ ಬರ್ಬ್ಯಾಡ.

ರೇವತಿ ಸ್ಲೈಡನ್ನು ತೆಗೆದು ಡಬ್ಬಿಯಲ್ಲಿಟ್ಟಳು.

ರೇವತಿ: ಆಗಲಿ ಸಾರ್. ಒಪ್ಪಂದ ಅಂತಲೇ ಬರೆಸ್ತೀನಿ. ಪಬ್ಲಿಕ್ ಪರೀಕ್ಷೇಲಿ ಮೂಲಾರ್ಥ ಕೇಳಿದ್ರೆ ಎರಡು ಮಾರ್ಕು ಹೋಗ್ತದೆ, ಅಷ್ಟೇ.

ರುದ್ರಸ್ವಾಮಿ: ಯಾರ್ದು ಮಾರ್ಕು ಓಗದು?

ರೇವತಿ: ಎಲ್ಲರದೂ. ನಿಮ್ಮ ಮಗಳು ಮಂಗಳಗೌರಿದೂ.

ಶಿವನಂಜಮ್ಮ: ಅಲ್ಲ, ಎಂಟ್ರೆನ್ಸ್ ಪರೀಕ್ಷ ಎತ್ಬುಟ್ಟವ್ರ, ಈಗ ಮಾರ್ಕಿನ ಮ್ಯಾಲೇ ಡಾಕ್ಟ್ರು ಸೀಟು ಅಂತ ದಿಂಬದ ಘಾಟಿ ಟೀ ಅಂಗಡೀಲಿ ಎಲ್ರಿಗೂ ಯೋಳ್ಕಂಡು ಬಂದೋರು ನೀವೇ ಅಲ್ವಾ? ಅರ್ಧ ಮಾರ್ಕು ಕಮ್ಮಿ ಆದ್ರೂ ಕಟ್ ಆಫ್ ತಪ್ಪೋದದು ಅಂತ?

ರುದ್ರಸ್ವಾಮಿ ಜೇಬಿನಿಂದ ಮನುವನ್ನು ತೆಗೆದು ಬಿಚ್ಚಿದ. ಮೊದಲ ಸಹಿ ಅವನದೇ. ಅದನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಒಳಗಿಟ್ಟುಕೊಂಡ.

ರುದ್ರಸ್ವಾಮಿ: ಪರೀಕ್ಷ ಯಾವಾಗ?

ರೇವತಿ: ಮಾರ್ಚಿಗೆ ಸಾರ್.

ರುದ್ರಸ್ವಾಮಿ: ಮಾರ್ಚಿಗಂಟ ಕೂಡ್ಕಂಡು ಬಾಳ್ಲಿ. ಆಮ್ಯಾಕ ಪಂಚಾಯ್ತಿ ಸೇರ್ಸಿ ಬುಡುಸ್ಬುಡನ.