ನೂರನೆಯ ಸಹಿ

ಸಂಘ ನೋಂದಾಯಿಸಲು ನೂರು ಸಹಿ ಬೇಕಿತ್ತು. ಸಾಬೂನು ಕಾರ್ಖಾನೆಯವರು ತಲೆಕೆಳಗಾಗಿ ನಿಂತು ಎಣಿಸಿದರೂ ತೊಂಬತ್ತೊಂಬತ್ತೇ. ಸಂಜೆ ಐದರೊಳಗೆ ಪಟ್ಟಿ ಕಾರ್ಮಿಕ ಅಧಿಕಾರಿಯ ಮೇಜಿನ ಮೇಲಿರದಿದ್ದರೆ ಅರ್ಜಿ ವಜಾ. ಆಗ ಯಾರಿಗೋ ಹಿತ್ತಿಲ ಗೋದಾಮಿನಲ್ಲೊಬ್ಬ ಗುಮಾಸ್ತ ಇದ್ದಾನೆಂಬುದು ನೆನಪಾಯಿತು.

ಹತ್ತೊಂಬತ್ತು ವರ್ಷದಿಂದ ಆತ ಅಲ್ಲಿ ಒಬ್ಬನೇ ಕೂತು ರಟ್ಟಿನ ಪೆಟ್ಟಿಗೆ ಕಾಯುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬನೇ. ಇಲ್ಲಿ ಪೆಟ್ಟಿಗೆಗಳಾದರೂ ಇದ್ದವು.

ಬೆಳಿಗ್ಗೆ ಒಂಬತ್ತಕ್ಕೆ ಸಂಘದ ಮುಖಂಡ, ಬಾಯ್ಲರಿನವನು, ಬಾಗಿಲಲ್ಲಿ ನಿಂತ.

"ಅಣ್ಣಾ, ಆರಾಮಾ?"

ಗುಮಾಸ್ತ ತಿರುಗಿ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು.

"ನಿಮ್ಮನ್ನೇ ಕಣಣ್ಣಾ! ಒಂದ್ ಸಹಿ ಹಾಕ್ಬಿಡಿ."

ಹಾಕುವುದಕ್ಕೇನು, ಪೆನ್ನು ಜೇಬಿನಲ್ಲೇ ಇತ್ತು. ಆದರೆ ಹಾಕಿದ ಕೂಡಲೇ ಈತ ಹೊರಟುಬಿಡುತ್ತಾನಲ್ಲ!

"ಸ್ವಲ್ಪ ಯೋಚ್ನೆ ಮಾಡ್ಬೇಕಪ್ಪಾ. ಕೂತ್ಕೋ."

ಯೋಚನೆ ಊಟದ ಹೊತ್ತಿನವರೆಗೂ ನಡೆಯಿತು. ಮನವೊಲಿಸಲು ಹದಿನೈದು ಜನ ಬುತ್ತಿ ಸಮೇತ ಬಂದು ಅವನ ಸುತ್ತ ಕೂತರು. ಅವನ ಹಳಸಿದ ಜೋಕಿಗೂ ಬಿದ್ದು ಬಿದ್ದು ನಕ್ಕರು.

"ಇನ್ನೊಂದ್ ತುತ್ತು ತಗೊಳ್ಳಿ ಅಣ್ಣಾ, ಎಷ್ಟ್ ಸೊರಗಿದೀರ!" ಎಂದು ಪ್ಯಾಕಿಂಗಿನ ಅಕ್ಕ ಬಡಿಸಿದಾಗ ಅವನು ಎರಡೂ ಕೈಯಲ್ಲಿ ತಟ್ಟೆ ಮುಂದೆ ಹಿಡಿದ. ಸಹಿಯನ್ನು ಮೂರು ಗಂಟೆಗೆ ಮುಂದೂಡಿದ.

ಇಷ್ಟು ಗದ್ದಲ ಮ್ಯಾನೇಜರ ಕಿವಿಗೆ ಬೀಳದಿರುತ್ತದೆಯೇ? ಜನ್ಮದಲ್ಲಿ ಮೊದಲ ಸಲ ಗೋದಾಮಿನತ್ತ ಬಂದರು. ಬಾಗಿಲ ಹೊರಗೇ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ನಗುತ್ತಾ ಹೋದರು.

"ನೋಡಿ, ಸಾಹೇಬ್ರೂ ಬಂದ್ರು!" ಎಂದು ಗುಮಾಸ್ತ ಉಬ್ಬಿಹೋದ.

ಮೂರಕ್ಕೆ ಬಾಯ್ಲರಿನವನು ಕೈಮುಗಿದ. "ಅಣ್ಣಾ, ನಮ್ ಹೊಟ್ಟೆ ಮೇಲೆ ಹೊಡೀಬೇಡಿ." ಸಹಿ ಬಿತ್ತು. ಅವನನ್ನು ಹೆಗಲ ಮೇಲೆ ಹೊತ್ತುಕೊಂಡೇ ಅಧಿಕಾರಿಯ ಕಚೇರಿಗೆ ಹೋದರು.

ಅಲ್ಲಿ ಮ್ಯಾನೇಜರ ಜೊತೆ ಕಾದಿದ್ದ ಕಂಪನಿಯ ವಕೀಲರು ಆ ಫೋಟೊ ಮುಂದಿಟ್ಟರು. "ಸ್ವಾಮಿ, ಈತ ಮೇಲ್ವಿಚಾರಕ. ಕಾರ್ಮಿಕರ ಪಟ್ಟೀಲಿ ಈತನ ಸಹಿ ನಡೆಯಲ್ಲ."

ಫೋಟೊದಲ್ಲಿ ಬಾಗಿಲಿಗಂಟಿಸಿದ ರಟ್ಟಿನ ತುಂಡು: 'ಗೋದಾಮು ಮೇಲ್ವಿಚಾರಕರು. ದಯವಿಟ್ಟು ಒಳಗೆ ಬನ್ನಿ.'

"ಬರೆದೋರ್ಯಾರು?" ಅಧಿಕಾರಿ ಕೇಳಿದರು.

"ನಾನೇ ಸಾರ್. ದೊಡ್ಡ ಹುದ್ದೆ ಅಂದ್ರೆ ಯಾರಾದ್ರೂ ಬಂದಾರು ಅಂತ..."

"ಕೈಕೆಳಗೆ ಎಷ್ಟ್ ಜನ?"

"ಯಾರೂ ಇಲ್ಲ ಸಾರ್! ಹತ್ತೊಂಬತ್ತು ವರ್ಷದಿಂದ ಒಬ್ನೇ!"

"ಒಬ್ರೇ? ಫೋಟೊದಲ್ಲಿ ಹದಿನೈದು ಜನ ನಿಮ್ ಮುಂದೆ ಕೂತಿದಾರಲ್ರೀ!"

ಇಷ್ಟು ವರ್ಷದ ಒಂಟಿತನಕ್ಕೆ ಅವನಲ್ಲಿ ಒಂದು ಸಾಕ್ಷಿಯೂ ಇರಲಿಲ್ಲ. ತೊಂಬತ್ತೊಂಬತ್ತು ಎಂದು ಬರೆದು ಅಧಿಕಾರಿ ಅರ್ಜಿ ವಜಾ ಮಾಡಿದರು.

ಮೆಟ್ಟಿಲಲ್ಲಿ ಬಾಯ್ಲರಿನವನು ಮುಖ ತಿರುಗಿಸಿ ಇಳಿದುಹೋದ. ಪ್ಯಾಕಿಂಗಿನ ಅಕ್ಕ ಕಣ್ಣೊರೆಸಿಕೊಂಡು ಹಿಂದೆಯೇ ನಡೆದಳು. ಗುಮಾಸ್ತ ಮ್ಯಾನೇಜರ ಹಿಂದೆ ಓಡಿದ.

"ಸಾರ್, ಹಾಗಾದ್ರೆ ನಾಳೆಯಿಂದ ಮೇಲ್ವಿಚಾರಕರ ಜೊತೆ ಊಟಕ್ಕೆ ಕೂರ್ಲಾ?"

"ಅದಕ್ಕೆ ಕೈಕೆಳಗೆ ಜನ ಇರ್ಬೇಕಪ್ಪ," ಎಂದು ಮ್ಯಾನೇಜರ್ ಕಾರು ಹತ್ತಿದರು. "ನಿನಗ್ಯಾರಿದಾರೆ?"

ಬೀಗ ಹಾಕಲು ಗೋದಾಮಿಗೆ ಬಂದಾಗ ಮೂಲೆಯಲ್ಲಿ ಪ್ಯಾಕಿಂಗಿನ ಅಕ್ಕ ಮರೆತುಹೋದ ಬುತ್ತಿಯ ಮುಚ್ಚಳ ಕಂಡಿತು. ಅದನ್ನು ತೊಳೆದು, ಒರೆಸಿ, ಬಾಗಿಲಿಗೆ ಕಾಣುವಂತೆ ಮೇಜಿನ ಮೇಲಿಟ್ಟ. ಅದನ್ನು ಕೇಳಿಕೊಂಡಾದರೂ ನಾಳೆ ಒಬ್ಬರು ಬರಬೇಕಲ್ಲ.