ಸಕಾರದ ಚೌಕದಲ್ಲಿ ಅಪ್ಪ

ಯಾವ ವ್ಯಂಜನ ಬಾಯಿಯ ಯಾವ ಮೂಲೆಯಲ್ಲಿ ಹುಟ್ಟುತ್ತದೆ ಎಂದು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೆ ಇಷ್ಟು ವರ್ಷಗಳಲ್ಲಿ ಯಾರೂ ಹಾಗೆ ಎಬ್ಬಿಸಿ ಕೇಳಲಿಲ್ಲ ಎಂಬುದೇ ನನ್ನ ಕೊರಗು. ರಾಜಾಜಿನಗರದ ಒಂದು ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ನಾನು. ಭಾಷಾವಿಜ್ಞಾನ ನನ್ನ ಪ್ರೀತಿಯ ವಿಷಯ. ಆ ಪಾಠ ಮಧ್ಯಾಹ್ನದ ಊಟ ಮುಗಿದ ಮೇಲಿನ ಪೀರಿಯಡ್ಡಿಗೆ ಬೀಳುತ್ತದೆ. ನಾನು ಬಾಯಿ ಅಗಲಿಸಿ, ನಾಲಗೆ ಮಡಚಿ, ಬೆರಳಿಟ್ಟು ತೋರಿಸುತ್ತಾ ಕಂಠ್ಯ, ತಾಲವ್ಯ, ದಂತ್ಯ ಎನ್ನುತ್ತಿದ್ದರೆ ಮಕ್ಕಳೂ ಬಾಯಿ ಅಗಲಿಸುತ್ತಾರೆ, ಆಕಳಿಕೆಗೆ. ಮನೆಯಲ್ಲಂತೂ ಈ ವಿದ್ಯೆಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಹೀಗಿರುವಾಗ ಅಮ್ಮನಿಗೆ ಹಲ್ಲು ಸೆಟ್ಟು ಬಂತು, ನನ್ನ ಕಾಲವೂ ಬಂತು ಅಂದುಕೊಂಡೆ.

ನಮ್ಮದು ಉಲ್ಲಾಳದ ಹಳೇ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲಗಳು ಈಗ ಲೇಔಟಾಗಿ, ಅಡ್ಡರಸ್ತೆಗಳಿಗೆ ನಂಬರು ಬಿದ್ದಿದೆ. ಅಮ್ಮ ಮಾತ್ರ ಇನ್ನೂ ಹೊಲಗಳ ಹೆಸರಿನಲ್ಲೇ ದಾರಿ ಹೇಳುತ್ತಾಳೆ. ದಿನಾ ಬೆಳಗ್ಗೆ ಕಾಂಪೌಂಡಿನ ಹೊರಗಿನ ಕಲ್ಲುಚಪ್ಪಡಿಯ ಮೇಲೆ ಕೂತು, ಬಸ್ಸಿಗೆ ಓಡುವವರನ್ನೆಲ್ಲ ಒಂದು ನಿಮಿಷ ನಿಲ್ಲಿಸಿ ವಿಚಾರಿಸಿಕೊಳ್ಳುವುದು ಅವಳ ಉದ್ಯೋಗ. ಅವಳಿಂದಾಗಿ ಬಸ್ಸು ತಪ್ಪಿಸಿಕೊಂಡವರು ಬಹಳ ಮಂದಿ, ಬೇಸರ ಮಾಡಿಕೊಂಡವರು ಇಲ್ಲ. ಬಾಯಲ್ಲಿ ಒಂದೂ ಹಲ್ಲಿಲ್ಲದಿದ್ದಾಗಲೂ ಈ ಉದ್ಯೋಗ ಚೆನ್ನಾಗಿಯೇ ನಡೆದಿತ್ತು. ಕೆಡಿಸಿದ್ದು ಹೊಸ ಹಲ್ಲು. ಸೆಟ್ಟು ಹಾಕಿಕೊಂಡು ಬಂದ ದಿನ ಅಮ್ಮ ನಡುಮನೆಯಲ್ಲಿ ಕೂತು "ಸಾರು ಸಾಕು" ಅಂದಳು. ನನ್ನ ಹೆಂಡತಿ ವಸಂತ, ಕುಕ್ಕರ್ ಕೂಗಿತೆಂದು ಅಡುಗೆಮನೆಗೆ ಓಡಿಹೋಗಿ ಗ್ಯಾಸ್ ಆರಿಸಿದಳು. ಎಲ್ಲರೂ ನಕ್ಕೆವು. ಅಮ್ಮ ನಗಲಿಲ್ಲ. ಸೆಟ್ಟನ್ನು ಬಿಚ್ಚಿ ಸ್ಟೀಲ್ ಡಬ್ಬಿಯಲ್ಲಿಟ್ಟಳು. ಡಾಕ್ಟರು ಹಾಕಿಕೊಂಡೇ ಇರಬೇಕು ಎಂದು ಗದರಿದ ಮೇಲೆ ಹಾಕಿಕೊಂಡಳು, ಆದರೆ ಮಾತು ನಿಲ್ಲಿಸಿಬಿಟ್ಟಳು. ಚಪ್ಪಡಿಕಲ್ಲು ಖಾಲಿಯಾಯಿತು. ಬಸ್ಸಿಗೆ ಹೋಗುವವರು ನಮ್ಮ ಗೇಟಿನ ಮುಂದೆ ತಾವಾಗಿಯೇ ನಿಂತು "ಅಜ್ಜಿ ಹುಷಾರಾಗಿದಾರಾ ಸಾರ್?" ಎಂದು ಕೇಳತೊಡಗಿದರು. ಮನೆಯೊಳಗೆ ಆ ಮೌನ ಸಹಿಸಲಾಗದಷ್ಟಾಯಿತು. ಅವಳ ಮಾತು ಜಾಸ್ತಿಯಾಯಿತೆಂದು ಗೊಣಗುತ್ತಿದ್ದವನು ನಾನೇ, ಅದು ಬೇರೆ ವಿಷಯ.

ಹಲ್ಲಿನ ಡಾಕ್ಟರು ಕೆಂಗೇರಿ ಉಪನಗರದಲ್ಲಿರುವ ಒಬ್ಬ ಹುಡುಗಿ, ನನ್ನ ಮಗಳು ತನುಜಳಿಗಿಂತ ಸ್ವಲ್ಪ ದೊಡ್ಡವಳಿರಬಹುದು. "ಏನೂ ಯೋಚ್ನೆ ಮಾಡ್ಬೇಡಿ ಸಾರ್, ನಾಲ್ಗೆಗೆ ಹೊಸ ಹಲ್ಲು ಅಭ್ಯಾಸ ಆಗ್ಬೇಕಷ್ಟೇ. ಹಲ್ಲು ತಾಗೋ ಅಕ್ಷರಗಳ್ನ ಒಂದು ಚಾರ್ಟ್ ಮಾಡಿ, ದಿನಾ ಗಟ್ಟಿಯಾಗಿ ಹೇಳಿಸಿ" ಅಂದಳು. ನನಗೆ ಮೈ ಜುಂ ಎಂದಿತು. ಬರುವಾಗಲೇ ಬಿಳಿ ಡ್ರಾಯಿಂಗ್ ಶೀಟು, ಮೂರು ಬಣ್ಣದ ಸ್ಕೆಚ್ ಪೆನ್ನು ಕೊಂಡುತಂದೆ.

ಚಾರ್ಟಿನಲ್ಲಿ ಯಾವ ಅಕ್ಷರಗಳಿರಬೇಕು ಎಂಬುದು ಕೇಳಿದಷ್ಟು ಸುಲಭದ ಪ್ರಶ್ನೆಯಲ್ಲ. ನಾನು ಶಾಸ್ತ್ರೋಕ್ತವಾಗಿ ಕಕಾರದಿಂದ ಳಕಾರದವರೆಗೆ ಮೂವತ್ತನಾಲ್ಕು ಮನೆ ಗೆರೆ ಹಾಕಿದೆ. ಮೊದಲ ಆಕ್ಷೇಪ ವಸಂತಳದು. "ರೀ, ಅತ್ತೆ ಯಾವತ್ತು ಖ, ಘ ಅಂದಿದಾರೆ? ಹಲ್ಲಿದ್ದಾಗ್ಲೂ ಅಂದಿಲ್ಲ, ಈಗ್ಯಾಕೆ?" ಮಾತು ನಿಜ. ನಮ್ಮ ಮನೆಯಲ್ಲಿ ಮಹಾಪ್ರಾಣಗಳನ್ನು ನಾನು ಸಂಬಳಕ್ಕಾಗಿ ಮಾತ್ರ ಉಚ್ಚರಿಸುತ್ತೇನೆ. ಹತ್ತನ್ನೂ ಹೊಡೆದು ಹಾಕಿದೆ. ಙ, ಞ ಎರಡನ್ನೂ ತೆಗೆಯಲು ಮಾತ್ರ ಕೈ ಬರಲಿಲ್ಲ. ಒಂದನೇ ಕ್ಲಾಸಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೊಂದು ಚಿತ್ರವಿದ್ದು, ಇವೆರಡರ ಮನೆ ಖಾಲಿ ಇರುತ್ತಿದ್ದುದನ್ನು ಕಂಡು ನನಗೆ ಅಯ್ಯೋ ಅನಿಸುತ್ತಿತ್ತು. "ಇರ್ಲಿ ಬಿಡೇ, ಪಾಪ" ಅಂದೆ. "ಅನಾಥಾಶ್ರಮ ನಡೆಸ್ತಾ ಇದೀರಾ?" ಎಂದಳು ವಸಂತ. ಅವೂ ಹೋದವು. ಹಕಾರದ ಸರದಿ ಬಂದಾಗ ಅಮ್ಮ ಕೈಯಾಡಿಸಿ ಬೇಡವೆಂದಳು. ಹಾಲನ್ನು ಆಲೆಂದೂ ಹಸುವನ್ನು ಅಸವೆಂದೂ ಕರೆದುಕೊಂಡು ಸುಖವಾಗಿ ಸಂಸಾರ ಮಾಡಿದವಳು ಅವಳು. ಅದೇ ರೀತಿ ಶ, ಷ, ಸ ಮೂರರ ಕೆಲಸವನ್ನೂ ಅವಳ ಬಾಯಲ್ಲಿ ಸಕಾರ ಒಂದೇ ಮಾಡುತ್ತದೆ. ಶಿಳ್ಳೆ ಹೊಡೆಯುತ್ತಿದ್ದುದೂ ಅದೇ. ಹಾಗಾಗಿ ಯಾರು ಇದ್ದರೂ ಬಿಟ್ಟರೂ ಸಕಾರ ಇರಲೇಬೇಕೆಂದು ತೀರ್ಮಾನವಾಯಿತು. ಹಲ್ಲಿಗೆ ಅಷ್ಟಾಗಿ ಕೆಲಸ ಕೊಡದವೂ ಹೋಗಿ, ಕೊನೆಗೆ ಉಳಿದದ್ದು ತ, ದ, ನ, ವ, ಸ. ನನ್ನ ಮೂವತ್ತು ವರ್ಷದ ವಿದ್ವತ್ತು ಐದು ಅಕ್ಷರಕ್ಕೆ ಇಳಿಯಿತು.

ಅಷ್ಟರಲ್ಲಿ ತನುಜ ಬಂದು, "ಅಪ್ಪ, ಬರೀ ಅಕ್ಷರ ಹಾಕಿದ್ರೆ ಅಜ್ಜಿ ತಿರುಗಿ ನೋಡಲ್ಲ. ಮನೆಯವ್ರ ಫೋಟೋ ಅಂಟ್ಸೋಣ" ಅಂದಳು. ಅಮ್ಮನಿಗೆ ಓದು ಅಷ್ಟಕ್ಕಷ್ಟೇ ಆದ್ದರಿಂದ ಉಪಾಯ ಎಲ್ಲರಿಗೂ ಹಿಡಿಸಿತು. ತಕಾರಕ್ಕೆ ತನುಜ, ದಕಾರಕ್ಕೆ ದಯಾನಂದನಾದ ನಾನು, ವಕಾರಕ್ಕೆ ವಸಂತ, ನಕಾರಕ್ಕೆ ಯಾರೂ ಸಿಗದೆ ಮನೆಯ ನಾಯಿ, ಸಕಾರಕ್ಕೆ ನಮ್ಮಪ್ಪ ಸಿದ್ದಪ್ಪ. ಭಾನುವಾರ ನಂದಿನಿ ಲೇಔಟಿನಿಂದ ತಂಗಿ ಗೀತಾ ಬಂದವಳು ಗೋಡೆಯ ಮೇಲಿನ ಚಾರ್ಟನ್ನು ಎರಡು ಸಲ ನೋಡಿದಳು. "ನಾಯಿಗ್ ಜಾಗ ಐತೆ, ನಂಗಿಲ್ವೇನೋ ಅಣ್ಣ?" ಗಕಾರ ಗಂಟಲಲ್ಲಿ ಹುಟ್ಟುವ ಅಕ್ಷರ, ಅದಕ್ಕೂ ಹಲ್ಲಿಗೂ ಸಂಬಂಧವಿಲ್ಲ ಎಂದು ಬಾಯಿ ತೆರೆದು ತೋರಿಸಿ ವಿವರಿಸಿದೆ. "ಮದ್ವೆ ಮಾಡ್ಕೊಟ್ಮೇಲೆ ಹೆಣ್ಮಕ್ಳಿಗೂ ಮನೆಗೂ ಸಂಬಂಧ ಇಲ್ಲ ಅಂತ ನೇರವಾಗ್ ಹೇಳು, ಗಂಟ್ಲು ಯಾಕ್ ತೋರಿಸ್ತೀಯ" ಅಂದಳು. ಗಕಾರ ಬಂತು. ಅವಳ ಗಂಡ ಮಂಜುನಾಥ ಏನೂ ಕೇಳಲಿಲ್ಲ, ಸುಮ್ಮನೆ ಚಾರ್ಟಿನ ಮುಂದೆ ನಿಂತು ಕೆಮ್ಮಿದರು. ಮಕಾರವೂ ಬಂತು. ಭಾಷಾವಿಜ್ಞಾನದ ಪಟವಾಗಿ ಹುಟ್ಟಿದ್ದು ರೇಷನ್ ಕಾರ್ಡಾಗಿ ಬೆಳೆಯಿತು.

ಸೋಮವಾರ ಬೆಳಗ್ಗೆ ಪಾಠ ಶುರುವಾಯಿತು. ಅಮ್ಮ ಕೋಲು ಹಿಡಿದು ಒಂದೊಂದೇ ಚೌಕ ಮುಟ್ಟಿ ಹೇಳಿದಳು. "ತ, ತನುಜ. ದ, ದಯಾನಂದ. ನ, ನಾಯಿ. ವ, ವಸಂತ." ಆಮೇಲೆ ಸಕಾರದ ಚೌಕಕ್ಕೆ ಬಂದು, ಸೆರಗು ಸರಿಮಾಡಿಕೊಂಡು, "ಇದು ಇವ್ರು" ಅಂದಳು.

ಆಗಲೇ ನನಗೆ ನಾವು ಮಾಡಿದ ಎಡವಟ್ಟು ಹೊಳೆದದ್ದು. ಅಮ್ಮ ಮದುವೆಯಾದಾಗಿನಿಂದ ಅಪ್ಪನ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ಅವಳ ಅವ್ವ ಕಳಿಸಿಕೊಡುವಾಗ ಹೇಳಿದ್ದಳಂತೆ. ಹೆಸರು ಹೇಳಲೇಬೇಕಾದ ಕಡೆಯಲ್ಲೆಲ್ಲ ಅವಳು ಪಕ್ಕದಲ್ಲಿದ್ದ ನನ್ನನ್ನು ಮೊಣಕೈಯಿಂದ ತಿವಿಯುತ್ತಿದ್ದಳು, ನಾನು "ಸಿದ್ದಪ್ಪ" ಎನ್ನುತ್ತಿದ್ದೆ. ರೇಷನ್ ಅಂಗಡಿ, ಆಸ್ಪತ್ರೆ, ಜನಗಣತಿಗೆ ಬಂದವರು, ಎಲ್ಲರಿಗೂ ನನ್ನದೇ ಉತ್ತರ. ಒಮ್ಮೆ ಆಧಾರ್ ಮಾಡಿಸುವ ಕಡೆ ಅಲ್ಲಿದ್ದ ಹುಡುಗ "ನೀವ್ ಸುಮ್ನಿರಿ ಸಾರ್, ಅಮ್ಮನೇ ಹೇಳ್ಲಿ" ಎಂದು ಪಟ್ಟು ಹಿಡಿದಾಗ ಅಮ್ಮ, "ಅಲ್ ಚೀಟೀಲ್ ಬರ್ದೈತಲ್ಲಪ್ಪ, ಓದ್ಕೊಳಕ್ ಬರಾಕಿಲ್ವಾ?" ಎಂದು ಅವನನ್ನೇ ಬೈದು ಬಂದಿದ್ದಳು. ಇಂಥವಳಿಗೆ ಅತಿ ಕಷ್ಟದ ಅಕ್ಷರವನ್ನು ಗಂಡನ ಹೆಸರಿನಲ್ಲೇ ಕಲಿಸಲು ಹೊರಟಿದ್ದೆವು ನಾವು.

ಅಂಟಿಸಿದ್ದನ್ನು ಕಿತ್ತು ಅಲ್ಲಿ ಸೌತೇಕಾಯಿ ಬರೆದರಾಯಿತು ಎಂದು ನಾನು ಉಗುರಿನಲ್ಲಿ ಅಪ್ಪನ ಫೋಟೋದ ಮೂಲೆ ಎಬ್ಬಿಸತೊಡಗಿದೆ. "ಬುಡು, ಅದಲ್ಲೇ ಇರ್ಲಿ" ಎಂದು ಹಿಂದಿನಿಂದ ಅಪ್ಪನ ದನಿ ಬಂತು. ಅಪ್ಪನಿಗೆ ಎಂಬತ್ತು ದಾಟಿದೆ. ಕಿವಿ ಮಂದ, ಮಾತು ಮೊದಲಿನಿಂದಲೂ ಕಮ್ಮಿ, ಅಮ್ಮ ಇರುವ ಮನೆಯಲ್ಲಿ ಅದರ ಅಗತ್ಯವೂ ಬೀಳಲಿಲ್ಲ. ಈ ವಯಸ್ಸಿನಲ್ಲಿ ಫೋಟೋದ ಮೇಲೆ ಇದೆಂಥ ಮೋಹ ಅಂದುಕೊಂಡೆ. ಸಂಜೆ ಚಪ್ಪಡಿಕಲ್ಲಿನ ಮೇಲೆ ಇಬ್ಬರೇ ಕೂತಿದ್ದಾಗ ಕೇಳಿಯೂ ಕೇಳಿದೆ. ಅಪ್ಪ ಬಸ್ಸುಗಳನ್ನು ನೋಡುತ್ತಲೇ, "ಈಗ ನನ್ನ ಹೆಸ್ರಿಡ್ದು ಕರೆಯೋರು ಯಾರವ್ರೆ ಹೇಳು? ನೀನು ಅಪ್ಪ ಅಂತೀಯ, ಸೊಸೆ ಮಾವ ಅಂತಾಳೆ, ಬೀದಿಯೋರು ತಾತ ಅಂತಾರೆ. ನಮ್ಮವ್ವ ಕರೀತಿದ್ಲು, ನಮ್ಮಣ್ಣ ಕರೀತಿದ್ದ, ಎಲ್ಲಾ ಹೋದ್ರು. ಇವ್ಳ ಬಾಯಲ್ಲಿ ಒಂದ್ಸಲ ಕೇಳಾನ ಅಂತ ಕಣಪ್ಪ, ಇನ್ನೇನಿಲ್ಲ" ಅಂದ. ಗಂಟಲಿನಿಂದ ತುಟಿಯವರೆಗೆ ಎಲ್ಲ ಸ್ಥಾನಗಳೂ ಗೊತ್ತಿದ್ದವನ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅಪ್ಪನ ಮೇಲೆ ಹಿಂದೆಂದೂ ಅಷ್ಟೊಂದು ಪ್ರೀತಿ ಉಕ್ಕಿದ್ದು ನನಗೆ ನೆನಪಿಲ್ಲ.

ವಿಷಯವನ್ನು ವಸಂತಳಿಗೆ ಹೇಳಿದೆ. ವಸಂತಳಿಗೆ ಹೇಳಿದ್ದು ಅಮ್ಮನಿಗೆ ತಲುಪಿತು. ಅಮ್ಮ ಒಂದು ದಿನವೆಲ್ಲ ಯೋಚನೆ ಮಾಡಿ, ಅಪ್ಪನ ಎದುರಿಗೆ ನಿಂತು, "ಅಲ್ಲ, ಎಚ್ಚುಕಮ್ಮಿ ಆದ್ರೆ ಏನ್ ಮಾಡಾನ?" ಎಂದು ಕೇಳಿದಳು. ಬಹಳ ದಿನಗಳ ಮೇಲೆ ಆಡಿದ ಉದ್ದನೆಯ ಮಾತು ಅದು. ಅಪ್ಪ, "ಇಷ್ಟ್ ವಯಸ್ಸಾಯ್ತು, ಇನ್ನೆಷ್ಟ್ ಆಯಸ್ಸು ಕಮ್ಮಿ ಮಾಡೀಯ, ಹೇಳಮ್ಮಿ" ಅಂದ. "ಬುಡ್ತು ಅನ್ನಿ, ಬುಡ್ತು ಅನ್ನಿ" ಎಂದು ಅಮ್ಮ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ವಾರವೆಲ್ಲ ಅಡುಗೆಮನೆಯಲ್ಲಿ ಸೌತೇಕಾಯಿ, ಸಾಸಿವೆ, ಸೌಟು ಎಂದು ಅವಳ ಅಭ್ಯಾಸ ನಡೆಯಿತು. ಶಿಳ್ಳೆ ದಿನದಿನಕ್ಕೆ ಇಳಿಯಿತು. ಚಾರ್ಟಿನ ಮುಂದೆ ಮಾತ್ರ ಅಪ್ಪ "ಇವ್ರು" ಆಗಿಯೇ ಉಳಿದ. ಆದರೆ ಯಾರೂ ಇಲ್ಲವೆಂದುಕೊಂಡು ಅವಳು ಆ ಚೌಕದ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದುದನ್ನು ತನುಜ ನೋಡಿದ್ದಳು.

ಡಾಕ್ಟರಿಗೆ ತೋರಿಸುವ ದಿನ ಬಂತು. ನಾನೂ ಬರುತ್ತೇನೆ ಎಂದು ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿವಿ ಮಿಷನ್ನಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು ಎಲ್ಲರಿಗಿಂತ ಮೊದಲು ಗೇಟಿನಲ್ಲಿ ನಿಂತಿದ್ದ. ಕ್ಲಿನಿಕ್ಕಿನಲ್ಲಿ ಡಾಕ್ಟರು ಅಮ್ಮನ ಬಾಯಿ ನೋಡಿ, "ಚೆನ್ನಾಗ್ ಕೂತಿದೆ. ಈಗ ಮಾತು ಕೇಳೋಣ. ಮನೇಲಿ ಯಾರ್ಯಾರಿದಾರಮ್ಮ?" ಅಂದಳು. ಅಮ್ಮ ಚಾರ್ಟಿನ ಕ್ರಮದಲ್ಲೇ, ನಾಯಿಯನ್ನೂ ಬಿಡದೆ, ಹೇಳಿದಳು. ಅಪ್ಪನ ಸರದಿಗೆ "ಇವ್ರು" ಅಂದದ್ದು ಬಿಟ್ಟರೆ ಒಂದು ಕಡೆಯೂ ಎಡವಲಿಲ್ಲ.

"ಸಾ ಒಂದು ನೋಡ್ಬೇಕಲ್ಲ" ಎಂದು ಡಾಕ್ಟರು, ನಮ್ಮ ಮನೆಯ ಕಥೆ ಏನೂ ತಿಳಿಯದೆ, ಚೀಟಿಯಲ್ಲಿದ್ದ ಗಂಡನ ಹೆಸರು ನೋಡಿ ಕೇಳಿದಳು. "ಯಜಮಾನ್ರ ಹೆಸ್ರೇನಮ್ಮ?"

ಅಮ್ಮ ನನ್ನ ಕಡೆ ತಿರುಗಲಿಲ್ಲ. ಮೊಣಕೈಯೂ ಅಲುಗಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಗೋಡೆಯ ಮೇಲಿದ್ದ ದೇವರ ಕ್ಯಾಲೆಂಡರಿಗೆ ಕೈಮುಗಿದಳು, ಬೆಂಚಿನ ತುದಿಯಲ್ಲಿ ಕೂತಿದ್ದ ಅಪ್ಪನನ್ನು ನೋಡಿದಳು. ಅಪ್ಪ ಕಿವಿ ಮಿಷನ್ನನ್ನು ಒತ್ತಿ ಹಿಡಿದು ಮುಂದಕ್ಕೆ ಬಾಗಿದ್ದ. ಅಮ್ಮನ ನಾಲಗೆಯ ತುದಿ ಹಲ್ಲಿನ ಹಿಂದಕ್ಕೆ ಹೋದದ್ದು ನನಗೆ ಕಂಡಿತು. ಉಸಿರು ಹೊರಟಿತು, ಶಿಳ್ಳೆಯಿಲ್ಲದ ಅಚ್ಚ ಸಕಾರ.

"ಸಿದ್ದಪ್ಪ" ಅಂದೆ ನಾನು.

ಯಾಕಂದೆ ಎಂದು ಕೇಳಬೇಡಿ. ಆ ಪ್ರಶ್ನೆ ಬಂದಾಗ ಉತ್ತರ ಹೇಳುವುದು ನನಗೆ ಉಸಿರಾಟದಷ್ಟೇ ಅಭ್ಯಾಸ. ಬಾಯಿಂದ ಬಿದ್ದ ಮೇಲೆಯೇ ಅದು ನನ್ನ ದನಿ ಎಂದು ನನಗೆ ತಿಳಿದದ್ದು. ಡಾಕ್ಟರು ನನ್ನನ್ನು ನೋಡಿ, "ನಿಮ್ದು ತುಂಬಾ ಚೆನ್ನಾಗ್ ಬರ್ತಿದೆ ಸಾರ್. ಅಮ್ಮಂದು ಕೇಳೋಣ" ಅಂದಳು. ಆದರೆ ಅಮ್ಮನ ಮುಖದಲ್ಲಿ, ಹತ್ತಿದ ಬೆಟ್ಟದಿಂದ ಯಾರೋ ಇಳಿಸಿಕೊಂಡ ಸಮಾಧಾನ ಬಂದುಬಿಟ್ಟಿತ್ತು. "ಅದೇ ಕಣವ್ವ, ನನ್ ಮಗ ಹೇಳುದ್ನಲ್ಲ, ಅದೇಯ" ಎಂದಳು. ಅಪ್ಪ ಕಿವಿ ಮಿಷನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಕೆಂಗೇರಿಯಿಂದ ಉಲ್ಲಾಳದವರೆಗೆ ಆಟೋದ ಹೊರಗೆ ನೋಡುತ್ತಾ ಬಂದ. ನಾನು ಡ್ರೈವರ್ ಪಕ್ಕ ಕೂರಬೇಕಾಯಿತು, ಹಿಂದೆ ಜಾಗವಿದ್ದರೂ. ವಿಷಯ ತಿಳಿದ ವಸಂತ ನನ್ನನ್ನು ಮಾತಾಡಿಸಿದ್ದು ಮರುದಿನವಷ್ಟೇ. "ಮೂವತ್ತು ವರ್ಷ ಬಾಯಿ ಬಗ್ಗೆ ಪಾಠ ಹೇಳಿದೀರಿ. ಮುಚ್ಚೋದು ಸಿಲೆಬಸ್ಸಲ್ಲಿಲ್ವಾ?" ಎಂದಳು.

ಅಮ್ಮ ಈಗ ಚಪ್ಪಡಿಕಲ್ಲಿಗೆ ಮರಳಿದ್ದಾಳೆ. ಬಸ್ಸುಗಳು ಮೊದಲಿನಂತೆ ತಪ್ಪುತ್ತಿವೆ. ಚಾರ್ಟಿನ ಅಗತ್ಯ ಮುಗಿಯಿತೆಂದು ನಾನು ಅದನ್ನು ಬಿಚ್ಚಲು ಹೋದರೆ ಇಬ್ಬರೂ ಒಟ್ಟಿಗೆ ಬೇಡವೆಂದರು. ಬೆಳಗಿನ ಕಾಫಿಗೆ ಮುಂಚೆ ಅಮ್ಮ ಕೋಲು ಹಿಡಿದು ಅದರ ಮುಂದೆ ನಿಲ್ಲುತ್ತಾಳೆ, ಅಪ್ಪ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಕೂರುವ ಮೊದಲು, ಇಡೀ ದಿನ ಬೇಡವೆನ್ನುವ ಕಿವಿ ಮಿಷನ್ನನ್ನು ತಾನೇ ಹುಡುಕಿ ಹಾಕಿಕೊಳ್ಳುತ್ತಾನೆ. ಆಮೇಲೆ ಸಕಾರದ ಚೌಕದಲ್ಲಿ ಏನು ನಡೆಯುತ್ತದೆಂದು ವಸಂತಳಿಗೆ ಗೊತ್ತು, ತನುಜಳಿಗೆ ಗೊತ್ತು, ಕಿಟಕಿಯಡಿ ಮಲಗಿರುವ ನಾಯಿಗೂ ಗೊತ್ತಿರಬೇಕು. ಯಾರೂ ಬಾಯಿ ಬಿಡುವುದಿಲ್ಲ. ನನಗಂತೂ ಗೊತ್ತಾಗುವ ಹಾಗಿಲ್ಲ. ಅಮ್ಮ ತಕಾರ ಶುರುಮಾಡುತ್ತಿದ್ದ ಹಾಗೆ ಹಾಲು ತರಲು ಚೀಲ ಕೊಟ್ಟು ನನ್ನನ್ನು ಹೊರಗೆ ಕಳಿಸಿ, ವಸಂತ ಬಾಗಿಲು ಹಾಕಿಕೊಳ್ಳುತ್ತಾಳೆ.